ಬಂಡಿಯ ಅಚ್ಚಿನಿಂದ ಮೋಟಾರಿನ ಆಕ್ಸಲಿನವರೆಗೆ

ಯುದ್ಧರಂಗದಲ್ಲಿ ದಶರಥನ ರಥದ ಕಡಾಣಿ ಕಳಚಿತೆಂದೂ, ಆಗ ಕೈಕೇಯಿ ಅಚ್ಚಿನ ತೂತಿನಲ್ಲಿ ತನ್ನ ಬೆರಳನ್ನೇ ಇಟ್ಟು ಗಾಲಿ ಬೀಳದಂತೆ ಕಾಪಾಡಿದಳೆಂದೂ ಹರಿಕಥೆಗಳಲ್ಲಿ ನಾವೆಲ್ಲ ಕೇಳಿದ್ದೇವೆ. ಅದಕ್ಕೆ ಮೆಚ್ಚಿ ದೊರೆ ಕೊಟ್ಟ ವರಗಳಿಂದಲೇ ಮುಂದೆ ರಾಮ ಕಾಡಿಗೆ ಹೋಗಬೇಕಾಯಿತು. ಗೇಣುದ್ದವೂ ಇಲ್ಲದ ಒಂದು ಕೀಲನ್ನು ಹೊರಡುವ ಮುನ್ನ ಯಾರೂ ಮುಟ್ಟಿ ನೋಡದಿದ್ದುದರ ಫಲ ಇದು ಎಂದು ನಮ್ಮ ತಂದೆಯವರು ತಮಾಷೆಗೆ ಹೇಳುತ್ತಿದ್ದರು. ಆ ತಮಾಷೆಯ ಅರ್ಥ ನಮಗೆ ಮನದಟ್ಟಾದದ್ದು 1994ರ ಮೇ ತಿಂಗಳಲ್ಲಿ, ನಿಪ್ಪಾಣಿಯ ಆಚೆಯ ತವಂದಿ ಘಾಟಿನಲ್ಲಿ.

ಘಾಟಿನಲ್ಲಿ ನಿಂತ ಜೀಪು

ಪುಣೆಯಿಂದ ಧಾರವಾಡಕ್ಕೆ, ಮದುವೆಗೆಂದು ನಾವು ಒಂಬತ್ತು ಜನ ಬಾಡಿಗೆಯ ಹಳೆಯ ಜೀಪಿನಲ್ಲಿ ಹೊರಟಿದ್ದೆವು. ಕರಾಡ ದಾಟಿದ ಮೇಲೆ ಹಿಂದುಗಡೆಯಿಂದ ಊಂ ಎಂಬ ಒಂದೇ ಸಮನೆಯ ಸದ್ದು ಶುರುವಾಯಿತು. ನಮ್ಮ ತಾಯಿಯವರು, "ಡ್ರೈವರಣ್ಣಾ, ಅದೇನೋ ಅಳುತ್ತಿದೆಯಲ್ಲಾ, ಒಂದು ಸಲ ನಿಲ್ಲಿಸಿ ನೋಡಬಾರದೇ?" ಎಂದರು. ಆತ ನಕ್ಕು, ಹಳೆಯ ಗಾಡಿ ಹಾಡಿಕೊಂಡೇ ಹೋಗುತ್ತದೆ ಎಂದು ಕ್ಯಾಸೆಟ್ಟಿನ ಧ್ವನಿ ಏರಿಸಿದ. ನಿಪ್ಪಾಣಿ ದಾಟಿ ಏರು ಹತ್ತುವಾಗ ಹಿಂದೆ ಕಟ್ ಎಂದಿತು. ಎಂಜಿನ್ ಭರ್ರೆಂದು ಓಡುತ್ತಿದೆ, ಜೀಪು ಮಾತ್ರ ಮುಂದೆ ಹೋಗದು. ಮೆಲ್ಲನೆ ಹಿಂದಕ್ಕೇ ಜಾರತೊಡಗಿತು. ಡ್ರೈವರ್ ಕೈಬ್ರೇಕನ್ನು ಮೇಲಕ್ಕೆಳೆದ. ಅದು ಹಿಡಿಯಲಿಲ್ಲ. ಕಾಲಿನ ಬ್ರೇಕನ್ನು ಒತ್ತಿ ಹಿಡಿದು "ಕಲ್ಲು, ಕಲ್ಲು" ಎಂದು ಕೂಗಿದ. ನಮ್ಮ ಸೋದರಮಾವ ಹಾರಿ ಇಳಿದು ಗಾಲಿಗೆ ಕಲ್ಲು ಕೊಟ್ಟರು. ನಾವೆಲ್ಲ ಇಳಿದು ರಸ್ತೆಯ ಪಕ್ಕ ನಿಂತೆವು. ಹಿಂದೆ ಬರುತ್ತಿದ್ದ ಲಾರಿಗಳ ಸಾಲು ನೋಡಿದಾಗ ಕೈಕಾಲು ತಣ್ಣಗಾದವು.

ನಿಪ್ಪಾಣಿಯಿಂದ ಬಂದ ಮೇಸ್ತ್ರಿ ಗಾಲಿ ಕಳಚಿ, ಡ್ರಮ್ ತೆಗೆದು, ಒಳಗಿನ ಹಾಫ್ ಶಾಫ್ಟನ್ನು ಹೊರಗೆಳೆದರು. ಅರ್ಧವೇ ಬಂತು. ಒಳಗೆ ಉಳಿದ ತುಂಡನ್ನು ತಳ್ಳಿ ತೆಗೆಯಲು ಇನ್ನೊಂದು ಕಡೆಯ ಶಾಫ್ಟನ್ನೂ ಕಳಚಬೇಕಾಯಿತು. ಮುರಿದ ಮೋರೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು ನಮ್ಮ ತಂದೆಯವರಿಗೆ ತೋರಿಸಿದರು. ಒಂದು ಭಾಗ ಕಪ್ಪಾಗಿ ನುಣ್ಣಗೆ, ಕಪ್ಪೆಚಿಪ್ಪಿನ ಮೇಲಿನ ಗೆರೆಗಳಂತೆ ಒಂದರ ಹಿಂದೊಂದು ಗೆರೆ. ಉಳಿದ ಭಾಗ ಒಡೆದ ಸಕ್ಕರೆ ಅಚ್ಚಿನಂತೆ ಹರಳು ಹರಳಾಗಿ ಹೊಳೆಯುತ್ತಿತ್ತು. "ಇದು ಇವತ್ತ ಮುರದದ್ದಲ್ರೀ ಸಾಹೇಬ್ರ. ಭಾಳ ದಿನದಿಂದ ಸೀಳಕೋತ ಬಂದೈತಿ. ಇವತ್ತ ಕೈ ಬಿಟ್ಟದ, ಅಷ್ಟ" ಎಂದರು. ಹೊಸ ಶಾಫ್ಟು ಕೊಲ್ಹಾಪುರದಿಂದ ಬಸ್ಸಿನಲ್ಲಿ ಬಂತು. ಮರುದಿನ ನಾವು ಧಾರವಾಡ ತಲುಪಿದಾಗ ಅಕ್ಷತೆ ಮುಗಿದಿತ್ತು, ಊಟ ಉಳಿದಿತ್ತು.

ಆ ದಿನ ಎರಡು ಪ್ರಶ್ನೆಗಳು ನಮ್ಮ ಮನಸ್ಸಿನಲ್ಲಿ ಉಳಿದವು. ಬೆರಳಿಗಿಂತ ದಪ್ಪನಾದ ಉಕ್ಕಿನ ಸರಳು ಯಾವ ಗುಂಡಿಗೂ ಬೀಳದೆ ಮುರಿದದ್ದು ಹೇಗೆ? ಎಂಜಿನ್ ಎಳೆಯದಿದ್ದರೆ ಬೇಡ, ಕೈಬ್ರೇಕೇಕೆ ಹಿಡಿಯಲಿಲ್ಲ? ಮುಂದೆ ಬಿ.ಎಸ್‌ಸಿ. ಓದುವಾಗ ಮೊದಲನೆಯದಕ್ಕೆ ಉತ್ತರ ದೊರೆಯಿತು. ಎರಡನೆಯದಕ್ಕೆ ಆಕ್ಸಲಿನ ಚರಿತ್ರೆಯನ್ನೇ ಹುಡುಕಿಕೊಂಡು ಓದಬೇಕಾಯಿತು. ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಕೀಲೆಣ್ಣೆಯ ಕಾಲ

ಅಚ್ಚಿನ ಕಥೆ ಬಹಳ ಹಳೆಯದು. ಯುರೋಪಿನ ಸ್ಲೊವೇನಿಯಾ ದೇಶದ ಲುಬ್ಲಿಯಾನಾ ನಗರದ ಬಳಿಯ ಜೌಗು ನೆಲದಲ್ಲಿ 2002ರಲ್ಲಿ ಒಂದು ಮರದ ಗಾಲಿಯೂ ಅದರ ಅಚ್ಚೂ ಸಿಕ್ಕವು. ಸುಮಾರು ಐದು ಸಾವಿರ ವರ್ಷಗಳಿಗೂ ಹಳೆಯವು. ಆ ಗಾಲಿಯ ನಡುವಿನ ತೂತು ಚೌಕವಾಗಿದೆ. ಎಂದರೆ ಅಚ್ಚು ಗಾಲಿಗೆ ಬಿಗಿದುಕೊಂಡು, ಎರಡೂ ಒಟ್ಟಿಗೇ ತಿರುಗುತ್ತಿದ್ದವು.

ನಮ್ಮ ಎತ್ತಿನ ಬಂಡಿಯ ರೀತಿ ಬೇರೆ. ಅಲ್ಲಿ ಅಚ್ಚು ಅಲುಗುವುದಿಲ್ಲ. ಗಾಲಿಗಳೆರಡೂ ಅದರ ತುದಿಗಳ ಮೇಲೆ ತಮ್ಮಷ್ಟಕ್ಕೆ ತಿರುಗುತ್ತವೆ. ಕಳಚದಂತೆ ತುದಿಯಲ್ಲಿ ಕಡಾಣಿ. ಬಂಡಿಯ ಕೆಳಗೆ ಬಿದಿರಿನ ಗೊಟ್ಟದಲ್ಲಿ ಕೀಲೆಣ್ಣೆ ತೂಗಾಡುತ್ತಿತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಆ ಕಪ್ಪು ಮುದ್ದೆಯನ್ನು ಊರಿನ ನೆನಪಿರುವ ಹಿರಿಯರು ಬಲ್ಲರು. ಸಂತೆಗೆ ಹೊರಡುವ ಮುನ್ನ ಗಾಲಿ ಸರಿಸಿ ಕೀಲೆಣ್ಣೆ ಹಚ್ಚುವುದು, ಕಡಾಣಿ ಒತ್ತಿ ನೋಡುವುದು ಬಂಡಿಕಾರನ ನಿತ್ಯಕರ್ಮ. ಆಕ್ಸಲಿನ ಪೋಷಣೆಯ ಮೊದಲ ಪಾಠ ಇದೇ.

ಎರಡು ಗಾಲಿ, ಎರಡು ವೇಗ

ಬಂಡಿಯನ್ನು ಎತ್ತುಗಳು ಮುಂದಿನಿಂದ ಎಳೆಯುತ್ತವೆ; ಗಾಲಿಗೆ ಸುಮ್ಮನೆ ಉರುಳುವ ಕೆಲಸ. ಮೋಟಾರಿನಲ್ಲಿ ಗಾಲಿಯೇ ನೆಲವನ್ನು ಒದ್ದು ಮುಂದೆ ಹೋಗಬೇಕು. ಆದ್ದರಿಂದ ಅಚ್ಚೂ ತಿರುಗಬೇಕು. ಆದರೆ ಎರಡು ಗಾಲಿಗಳನ್ನೂ ಒಂದೇ ಅಚ್ಚಿಗೆ ಬಿಗಿದರೆ ತಿರುವಿನಲ್ಲಿ ತೊಂದರೆ. ಗಾಲಿಗಳ ನಡುವಿನ ಅಂತರ 1.4 ಮೀಟರ್ ಎಂದಿಟ್ಟುಕೊಳ್ಳಿ. ವಾಹನ ಒಂದು ಪೂರ್ಣ ಸುತ್ತು ಹೊಡೆದರೆ ಹೊರಗಿನ ಗಾಲಿ ಒಳಗಿನದಕ್ಕಿಂತ ಸುಮಾರು 8.8 ಮೀಟರ್ ಹೆಚ್ಚು ಓಡಬೇಕು. ಬೀದಿಯ ಒಂದು ಮೂಲೆ ತಿರುಗುವಷ್ಟರಲ್ಲಿ 2.2 ಮೀಟರ್, ಎಂದರೆ ಗಾಲಿಯ ಸುಮಾರು ಒಂದು ಸುತ್ತು. ಒಂದೇ ಅಚ್ಚಿಗೆ ಬಿಗಿದ ಗಾಲಿಗಳಲ್ಲಿ ಒಂದು ನೆಲಕ್ಕೆ ಉಜ್ಜಿ ಜಾರಲೇಬೇಕು, ಇಲ್ಲವೇ ಅಚ್ಚು ತಿರುಚಿಕೊಳ್ಳಬೇಕು.

ಈ ಒಗಟನ್ನು ಬಿಡಿಸಿದವರಲ್ಲಿ ಮೊದಲಿಗ ಪ್ಯಾರಿಸ್ಸಿನ ಗಡಿಯಾರಗಾರ ಒನೆಸಿಫೋರ್ ಪೆಕ್ಕೂರ್. 1820ರ ದಶಕದ ಕೊನೆಯಲ್ಲಿ, ಹಬೆಯ ಬಂಡಿಯೊಂದಕ್ಕಾಗಿ ಅವನು ಅಚ್ಚನ್ನು ಎರಡು ಅರ್ಧಗಳಾಗಿ ಮಾಡಿ ನಡುವೆ ಹಲ್ಲಿನ ಚಕ್ರಗಳನ್ನಿಟ್ಟ. ಎಂಜಿನ್ನಿನ ಬಲ ಎರಡೂ ಕಡೆ ಹೋಗುತ್ತದೆ; ಆದರೆ ಒಂದು ಗಾಲಿ ನಿಧಾನವಾದಷ್ಟೂ ಇನ್ನೊಂದು ವೇಗವಾಗುತ್ತದೆ. ಇದೇ ಡಿಫರೆನ್ಷಿಯಲ್.

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಸೈಕಲ್ ಮಾಡುತ್ತಿದ್ದ ಜೇಮ್ಸ್ ಸ್ಟಾರ್ಲಿ 1877ರಲ್ಲಿ ತನ್ನದೇ ದಾರಿಯಲ್ಲಿ ಇದೇ ಉಪಾಯಕ್ಕೆ ಬಂದ. ಅಪ್ಪ ಮಗ ಇಬ್ಬರೂ ಅಕ್ಕಪಕ್ಕ ಕುಳಿತು ತುಳಿಯುವ ಸೈಕಲ್ಲಿನಲ್ಲಿ ಒಂದೊಂದು ಗಾಲಿಯನ್ನು ಒಬ್ಬೊಬ್ಬರು ತಿರುಗಿಸುತ್ತಿದ್ದರಂತೆ. ಹರೆಯದ ಮಗನ ಕಾಲಿನ ಬಲ ಹೆಚ್ಚಾಗಿ ಸೈಕಲ್ಲು ರಸ್ತೆ ಬಿಟ್ಟು ಪೊದೆಗೆ ನುಗ್ಗಿತಂತೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತಾದ ಆ ಸವಾರಿಯಿಂದ ಎದ್ದು ಬಂದ ತಂದೆ, ಇಬ್ಬರ ಬಲವನ್ನೂ ಒಂದುಗೂಡಿಸಿ ಎರಡು ಗಾಲಿಗಳಿಗೂ ಸಮನಾಗಿ ಹಂಚುವ ಗೇರನ್ನು ಯೋಚಿಸಿದನೆಂದು ಕಥೆ.

ಡಿಫರೆನ್ಷಿಯಲ್ಲಿನ ಈ ಸಮಹಂಚಿಕೆಯಲ್ಲೇ ಒಂದು ಅಪಾಯವೂ ಇದೆ. ಒಂದು ಗಾಲಿಗೆ ಹಿಡಿತ ತಪ್ಪಿದರೆ ಇನ್ನೊಂದಕ್ಕೂ ಬಲ ಸಿಗದು. ಕೆಸರಿನಲ್ಲಿ ಒಂದು ಗಾಲಿ ಸುಮ್ಮನೆ ಸುತ್ತುತ್ತ ಇನ್ನೊಂದು ಕದಲದೆ ನಿಲ್ಲುವುದು ಇದರಿಂದಲೇ. ನಮ್ಮ ಕೈಬ್ರೇಕಿನ ಪ್ರಶ್ನೆಗೂ ಉತ್ತರ ಇಲ್ಲಿಯೇ ಸಿಕ್ಕಿತು. ಹಳೆಯ ಜೀಪುಗಳಲ್ಲಿ ಕೈಬ್ರೇಕು ಹಿಡಿಯುತ್ತಿದ್ದುದು ಗಾಲಿಗಳನ್ನಲ್ಲ, ಗೇರ್‌ಬಾಕ್ಸಿನ ಹಿಂದಿನ ಶಾಫ್ಟನ್ನು. ಒಂದು ಕಡೆಯ ಹಾಫ್ ಶಾಫ್ಟು ಮುರಿದಾಗ ಆ ಕಡೆಯ ಗೇರು ಸಡಿಲವಾಗಿ ತಿರುಗುತ್ತದೆ. ಅದರ ಜೊತೆ ಇನ್ನೊಂದು ಗಾಲಿಯೂ ಬಿಡುಗಡೆಯಾಗುತ್ತದೆ. ಶಾಫ್ಟನ್ನು ಎಷ್ಟೇ ಬಿಗಿಯಾಗಿ ಹಿಡಿದರೂ ವಾಹನ ಉರುಳುತ್ತದೆ. ಅಂಥ ವಾಹನದಲ್ಲಿ ಟೈರು ಬದಲಿಸಲು ಹಿಂದಿನ ಒಂದು ಗಾಲಿಯನ್ನು ಜಾಕಿನಿಂದ ಎತ್ತಿದರೂ ಇದೇ ಗತಿ. ಹಿಂದಿನವರು ಮೊದಲು ಕಲ್ಲು, ಆಮೇಲೆ ಜಾಕಿ ಎನ್ನುತ್ತಿದ್ದುದು ಸುಮ್ಮನೆ ಅಲ್ಲ.

ಸರಪಳಿ ಹೋಗಿ ಶಾಫ್ಟು ಬಂತು

ಮೊದಲ ಮೋಟಾರುಗಳಲ್ಲಿ ಡಿಫರೆನ್ಷಿಯಲ್ ಎಂಜಿನ್ನಿನ ಹತ್ತಿರವೇ ಇರುತ್ತಿತ್ತು. ಅಲ್ಲಿಂದ ಎರಡು ಸರಪಳಿಗಳು ಹಿಂದಿನ ಗಾಲಿಗಳನ್ನು ತಿರುಗಿಸುತ್ತಿದ್ದವು. ಜರ್ಮನಿಯ ಕಾರ್ಲ್ ಬೆಂಜನ ಗಾಡಿಯೂ ಹಾಗೆಯೇ. 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬರ್ತಾ ಬೆಂಜ್, ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಅದನ್ನು ಓಡಿಸಿಕೊಂಡು ಹೋದಳು. ದಾರಿಯಲ್ಲಿ ಸರಪಳಿ ಕೆಟ್ಟಾಗ ಕಮ್ಮಾರನೊಬ್ಬ ಸರಿಪಡಿಸಿದ. ಸವೆದ ಬ್ರೇಕಿಗೆ ಚಮ್ಮಾರನೊಬ್ಬ ಚರ್ಮ ಹೊಡೆದ. ಮೋಟಾರಿನ ಮೊದಲ ದೂರಪ್ರಯಾಣದಲ್ಲೇ ರಸ್ತೆಬದಿಯ ಮೇಸ್ತ್ರಿ ಕಾಣಿಸಿಕೊಂಡ.

ಸರಪಳಿಗೆ ಧೂಳು ಕೆಸರುಗಳೇ ಶತ್ರು. ಅದು ಹಿಗ್ಗುತ್ತಿತ್ತು, ಕಿರುಚುತ್ತಿತ್ತು, ಕಳಚುತ್ತಿತ್ತು. ಇಪ್ಪತ್ತೊಂದು ವರ್ಷದ ಲೂಯಿ ರೆನೋ 1898ರ ಡಿಸೆಂಬರ್ 24ರ ರಾತ್ರಿ ಪ್ಯಾರಿಸ್ಸಿನ ಮೊಂಮಾರ್ತ್ರದ ಲೆಪಿಕ್ ಬೀದಿಯ ಕಡಿದಾದ ಏರನ್ನು ತಾನೇ ಕಟ್ಟಿದ ಪುಟ್ಟ ಗಾಡಿಯಲ್ಲಿ ಹತ್ತಿ ತೋರಿಸಿದ. ಅದರಲ್ಲಿ ಸರಪಳಿ ಇರಲಿಲ್ಲ. ಗೇರ್‌ಬಾಕ್ಸಿನಿಂದ ಉದ್ದನೆಯ ಶಾಫ್ಟು ಹಿಂದಕ್ಕೆ ಹೋಗಿ, ಓರೆ ಹಲ್ಲಿನ ಗೇರುಗಳ ಮೂಲಕ ಆಕ್ಸಲನ್ನು ತಿರುಗಿಸುತ್ತಿತ್ತು. ಹಲ್ಲುಗಳೆಲ್ಲ ಡಬ್ಬಿಯೊಳಗೆ, ಎಣ್ಣೆಯಲ್ಲಿ. ಇಂದು ಲಾರಿಗಳ ಕೆಳಗೆ ಬಗ್ಗಿ ನೋಡಿದರೆ ಕಾಣುವ, ನಡುವೆ ದಪ್ಪನೆಯ ಗುಂಡು ಇರುವ ಹಿಂದಿನ ಆಕ್ಸಲಿನ ವಂಶ ಇಲ್ಲಿಂದ ಬೆಳೆಯಿತು. ನಮ್ಮ ಮೇಸ್ತ್ರಿಗಳು ಅದನ್ನು ಹೌಸಿಂಗ್ ಎನ್ನುತ್ತಾರೆ. ಒಳಗಿನ ದೊಡ್ಡ ಗೇರು ಕ್ರೌನ್, ಅದನ್ನು ತಿರುಗಿಸುವ ಚಿಕ್ಕದು ಪಿನಿಯನ್. ಅದೇ 1898ರಲ್ಲಿ ಅಮೆರಿಕದ ಸಾರೋಟು ತಯಾರಕ ಹೆನ್ರಿ ಟಿಮ್ಕೆನ್, ಒಂದು ತುದಿ ಸಣ್ಣದಾದ ಉರುಳೆಗಳ ಬೇರಿಂಗಿಗೆ ಪೇಟೆಂಟ್ ಪಡೆದ. ಮೇಲಿನ ಭಾರವನ್ನೂ ತಿರುವಿನಲ್ಲಿ ಪಕ್ಕದಿಂದ ಬರುವ ಒತ್ತಡವನ್ನೂ ಒಟ್ಟಿಗೆ ಹೊರುವ ಈ ಬೇರಿಂಗು ಇಂದಿಗೂ ಆಕ್ಸಲಿನಲ್ಲಿದೆ.

ಅಮೆರಿಕದ ಫೋರ್ಡ್ ಕಂಪನಿ 1908ರಿಂದ 1927ರವರೆಗೆ ಒಂದೂವರೆ ಕೋಟಿ ಮಾಡೆಲ್ ಟಿ ಕಾರುಗಳನ್ನು ಮಾಡಿತು. ಅದರ ಹಿಂದಿನ ಆಕ್ಸಲಿನಲ್ಲಿ ಪಕ್ಕದ ಒತ್ತಡ ತಡೆಯಲು ಬ್ಯಾಬಿಟ್ ಎಂಬ ಮೆತ್ತನೆಯ ಮಿಶ್ರಲೋಹದ ಬಿಲ್ಲೆಗಳಿದ್ದವು. ಕಾಲ ಕಳೆದಂತೆ ಅವು ಬಿರುಕು ಬಿಟ್ಟು ಪುಡಿಯಾಗುತ್ತವೆ. ಆಗ ಕ್ರೌನು ಪಿನಿಯನ್ನಿನಿಂದ ಸರಿದು ಹಲ್ಲು ಬಿಟ್ಟುಹೋಗುತ್ತದೆ. ಆ ಕಾರಿನ ಕಾಲಿನ ಬ್ರೇಕೂ ಗಾಲಿಗಳಲ್ಲಿರದೆ ಗೇರ್‌ಬಾಕ್ಸಿನಲ್ಲಿತ್ತು. ಹಲ್ಲು ಬಿಟ್ಟ ಕ್ಷಣಕ್ಕೆ ಎಳೆತವೂ ಇಲ್ಲ, ಕಾಲಿನ ಬ್ರೇಕೂ ಇಲ್ಲ. ಉಳಿಯುವುದು ಕೈಯಿಂದ ಎಳೆಯುವ ದುರ್ಬಲ ಬ್ರೇಕು ಒಂದೇ. ಈಗಲೂ ಆ ಕಾರುಗಳನ್ನು ಜೋಪಾನ ಮಾಡುವವರು ಮೊದಲು ಮಾಡುವ ಕೆಲಸಗಳಲ್ಲಿ ಒಂದು, ಆಕ್ಸಲ್ ಬಿಚ್ಚಿ ಆ ಬಿಲ್ಲೆಗಳನ್ನು ತೆಗೆದು ಕಂಚಿನವನ್ನು ಹಾಕುವುದು. ತವಂದಿ ಘಾಟಿನ ನಮ್ಮ ಅನುಭವಕ್ಕೂ ಇದಕ್ಕೂ ಎಷ್ಟು ಹತ್ತಿರ!

ಲೋಹಕ್ಕೂ ದಣಿವು

ಇನ್ನು ಸರಳು ಮುರಿದ ಪ್ರಶ್ನೆ. ಇದರ ಉತ್ತರಕ್ಕೆ ಮನುಷ್ಯರು ತೆತ್ತ ಬೆಲೆ ದೊಡ್ಡದು, ಅದನ್ನು ತೆತ್ತದ್ದು ರೈಲಿನಲ್ಲಿ. 1842ರ ಮೇ 8ರಂದು ಫ್ರಾನ್ಸಿನ ವರ್ಸೈಯಲ್ಲಿ ಉತ್ಸವ ನೋಡಿಕೊಂಡು ಪ್ಯಾರಿಸ್ಸಿಗೆ ಮರಳುತ್ತಿದ್ದ ಜನ ತುಂಬಿದ ರೈಲಿನ ಮುಂದಿನ ಎಂಜಿನ್ನಿನ ಅಚ್ಚು ಮುರಿಯಿತು. ಹಿಂದಿನ ಡಬ್ಬಿಗಳು ಒಂದರ ಮೇಲೊಂದು ಏರಿ ಬೆಂಕಿ ಹತ್ತಿತು. ಡಬ್ಬಿಗಳ ಬಾಗಿಲಿಗೆ ಹೊರಗಿನಿಂದ ಬೀಗ. ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಭೂಮಿಯನ್ನೇ ಸುತ್ತಿ ಬಂದಿದ್ದ ಹೆಸರಾಂತ ನಾವಿಕ ದ್ಯುಮೋ ದ್ಯುರ್ವಿಲ್ ಹೆಂಡತಿ ಮಗನೊಂದಿಗೆ ಅಲ್ಲಿ ತೀರಿಕೊಂಡ.

ಸ್ಕಾಟ್ಲೆಂಡಿನ ತರುಣ ಎಂಜಿನಿಯರ್ ರ‍್ಯಾಂಕಿನ್, ಮುರಿದ ರೈಲು ಅಚ್ಚುಗಳನ್ನು ಪರೀಕ್ಷಿಸಿ ಮರುವರ್ಷ ತನ್ನ ಅಭಿಪ್ರಾಯವನ್ನು ಪ್ರಕಟಿಸಿದ. ಅಚ್ಚು ಒಮ್ಮೆಲೇ ಮುರಿಯುವುದಿಲ್ಲ. ದಪ್ಪ ಭಾಗ ಸಣ್ಣದಾಗುವ ಚೂಪು ಮೂಲೆಯಲ್ಲಿ ಕೂದಲೆಳೆಯ ಬಿರುಕು ಹುಟ್ಟಿ, ದಿನೇ ದಿನೇ ಒಳಕ್ಕೆ ಸರಿದು, ಉಳಿದ ಲೋಹಕ್ಕೆ ಭಾರ ತಾಳದಾದಾಗ ಮುರಿಯುತ್ತದೆ. ಆದ್ದರಿಂದ ಆ ಮೂಲೆಯನ್ನು ಬಾಗಿಸಿ ನುಣುಪು ಮಾಡಿ ಎಂದ. ಜರ್ಮನಿಯ ರೈಲ್ವೆ ಎಂಜಿನಿಯರ್ ಔಗುಸ್ಟ್ ವೋಲರ್ 1850ರ ದಶಕದಿಂದ 1870ರವರೆಗೆ ಅಚ್ಚುಗಳನ್ನು ಯಂತ್ರದಲ್ಲಿ ತಿರುಗಿಸಿ ತಿರುಗಿಸಿ ಮುರಿದು ಲೆಕ್ಕ ಹಾಕಿದ. ಒಂದು ಸಲಕ್ಕೆ ಏನೂ ಮಾಡದ ಭಾರವೂ ಲಕ್ಷಾಂತರ ಸಲ ಬಂದಾಗ ಉಕ್ಕನ್ನು ಮುರಿಯಬಲ್ಲದು. ಆದರೆ ಒಂದು ಮಿತಿಯ ಕೆಳಗೆ ಉಕ್ಕು ಎಷ್ಟು ಸುತ್ತನ್ನಾದರೂ ತಾಳುತ್ತದೆ ಎಂದು ತೋರಿಸಿದ. ವಿಜ್ಞಾನಿಗಳು ಇದಕ್ಕೆ ಲೋಹದ ದಣಿವು ಎಂದು ಹೆಸರಿಟ್ಟಿದ್ದಾರೆ.

ನಮ್ಮ ಲೆಕ್ಕಕ್ಕೆ ಇಳಿಸಿ ನೋಡೋಣ. ಗಾಲಿಯ ಸುತ್ತಳತೆ ಸುಮಾರು 2 ಮೀಟರ್. ಒಂದು ಕಿಲೋಮೀಟರಿಗೆ 500 ಸುತ್ತು. ಒಂದು ಲಕ್ಷ ಕಿಲೋಮೀಟರಿಗೆ 5 ಕೋಟಿ ಸುತ್ತು. ಬಾಗಿಸುವ ಭಾರ ಹೊತ್ತ ಶಾಫ್ಟು ತಿರುಗುವಾಗ ಅದರ ಮೈ ಪ್ರತಿ ಸುತ್ತಿನಲ್ಲೂ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತದೆ. ಅದರ ಮೇಲೆ ಕ್ಲಚ್ ಬಿಟ್ಟಾಗಲೆಲ್ಲ ತಿರುಚು. ಒಂಬತ್ತು ಜನರ ಭಾರದ ಹಳೆಯ ಜೀಪಿನ ಶಾಫ್ಟಿನಲ್ಲಿ ಬಿರುಕು ಹುಟ್ಟಿದ್ದರೆ ಆಶ್ಚರ್ಯವೇನು? ಕಪ್ಪೆಚಿಪ್ಪಿನ ಗೆರೆಗಳು ಬಿರುಕು ತಂಗಿ ತಂಗಿ ನಡೆದ ಗುರುತು. ರ‍್ಯಾಂಕಿನ್ನನ ಹೆಸರನ್ನೇ ಕೇಳದ ನಿಪ್ಪಾಣಿಯ ಮೇಸ್ತ್ರಿ ಹೇಳಿದ್ದೂ ಅದನ್ನೇ.

ಭಾರಿ ಲಾರಿಗಳಲ್ಲಿ ಇದಕ್ಕೊಂದು ಪರಿಹಾರವಿದೆ. ಗಾಲಿಯ ಬೇರಿಂಗುಗಳು ಹೌಸಿಂಗಿನ ಮೇಲೆಯೇ ಕುಳಿತು ಭಾರವನ್ನೆಲ್ಲ ಅದೇ ಹೊರುತ್ತದೆ. ಶಾಫ್ಟಿಗೆ ತಿರುಗಿಸುವ ಕೆಲಸ ಮಾತ್ರ. ಅದು ಮುರಿದರೂ ಗಾಲಿ ಕಳಚದು. ಡ್ರೈವರೂ ಕ್ಲೀನರೂ ಸೇರಿ ಗಾಲಿ ತೆಗೆಯದೆಯೇ ಬೋಲ್ಟು ಬಿಚ್ಚಿ ಶಾಫ್ಟನ್ನು ಎಳೆದು ಬದಲಿಸಬಲ್ಲರು.

ಗಂಧಕದ ವಾಸನೆ

1926ರಲ್ಲಿ ಅಮೆರಿಕದ ಪ್ಯಾಕರ್ಡ್ ಕಂಪನಿ ಹೈಪಾಯ್ಡ್ ಎಂಬ ಹೊಸ ಬಗೆಯ ಕ್ರೌನ್ ಪಿನಿಯನ್ನನ್ನು ತಂದಿತು. ಪಿನಿಯನ್ ಕ್ರೌನಿನ ನಡುಮಟ್ಟಕ್ಕಿಂತ ಕೆಳಗೆ ಕೂರುವುದರಿಂದ ಉದ್ದನೆಯ ಶಾಫ್ಟೂ ಕೆಳಗಿಳಿಯಿತು, ಕಾರಿನ ನೆಲವೂ ತಗ್ಗಿತು. ಆದರೆ ಇಲ್ಲಿ ಹಲ್ಲುಗಳು ಉರುಳುವುದರ ಜೊತೆಗೆ ಒಂದನ್ನೊಂದು ಉಜ್ಜಿ ಜಾರುತ್ತವೆ. ಸಾಮಾನ್ಯ ಎಣ್ಣೆಯ ಪೊರೆ ಹರಿದುಹೋಗುತ್ತದೆ. ಅದಕ್ಕಾಗಿ ಗಂಧಕ, ರಂಜಕಗಳ ಸಂಯುಕ್ತಗಳನ್ನು ಬೆರೆಸಿದ ಎಣ್ಣೆ ಬಂತು. ಕಾದ ಹಲ್ಲಿನ ಮೈಯೊಂದಿಗೆ ಇವು ಸೇರಿ ತೆಳ್ಳನೆಯ ಪೊರೆಯಾಗಿ, ಉಕ್ಕಿಗೆ ಉಕ್ಕು ಅಂಟದಂತೆ ತಡೆಯುತ್ತವೆ. ಗೇರ್ ಆಯಿಲಿನ ಕಮಟು ವಾಸನೆ ಈ ಗಂಧಕದ್ದು. ಆಕ್ಸಲಿಗೆ ಹಾಕುವ ಜಿ.ಎಲ್.-5 ದರ್ಜೆಯ ಎಣ್ಣೆಯನ್ನು, ತಯಾರಕರು ಹೇಳದ ಹೊರತು ಗೇರ್‌ಬಾಕ್ಸಿಗೆ ಹಾಕಬಾರದು. ಅಲ್ಲಿನ ಹಿತ್ತಾಳೆಯ ಭಾಗಗಳನ್ನು ಅದು ತಿನ್ನಬಹುದು.

ನಮ್ಮ ನಾಡಿನಲ್ಲಿ

ಉತ್ತರಪಾರಾದಲ್ಲಿ 1957ರಿಂದ 2014ರವರೆಗೆ ತಯಾರಾದ ಅಂಬಾಸಿಡರಿಗೂ, ಕುರ್ಲಾದ ಪ್ರೀಮಿಯರ್ ಪದ್ಮಿನಿಗೂ ಹಿಂದಿನ ಆಕ್ಸಲೇ ಎಳೆಯುವ ಎತ್ತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ನಿವೃತ್ತವಾಯಿತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲಿ ಮುಂದಿನ ಗಾಲಿಗಳೇ ಎಳೆಯುತ್ತಿದ್ದವು. ಅಲ್ಲಿಂದ ಸಣ್ಣ ಕಾರುಗಳ ಹಿಂದಿನ ಆಕ್ಸಲು, ನಮ್ಮ ಬಂಡಿಯ ಅಚ್ಚಿನಂತೆ, ಭಾರ ಹೊರುವುದಕ್ಕಷ್ಟೇ ಉಳಿಯಿತು. ಲಾರಿ, ಬಸ್ಸು, ಜೀಪಿನ ಜಾತಿಯ ವಾಹನಗಳಲ್ಲಿ ಹಳೆಯ ಪದ್ಧತಿಯೇ ಮುಂದುವರಿದಿದೆ. ಕೆಲವು ವಿದ್ಯುತ್ ವಾಹನಗಳಲ್ಲಿ ಮೋಟಾರು ಆಕ್ಸಲಿನೊಳಗೇ ಸೇರಿಕೊಂಡಿದೆ.

ಈ ಕಥೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಪಾಲಿದೆ. ಪುಣೆಯ ಕಲ್ಯಾಣಿ ಸಮೂಹವೂ ಅಮೆರಿಕದ ರಾಕ್‌ವೆಲ್ ಕಂಪನಿಯೂ ಕೂಡಿ 1981ರಲ್ಲಿ ಕಟ್ಟಿದ ಆಟೊಮೋಟಿವ್ ಆಕ್ಸಲ್ಸ್ ಕಾರ್ಖಾನೆ ಮೈಸೂರಿನಲ್ಲಿದೆ. ಲಾರಿ ಬಸ್ಸುಗಳ ಹಿಂದಿನ ಆಕ್ಸಲುಗಳು ಅಲ್ಲಿ ತಯಾರಾಗುತ್ತವೆ. ಪುಣೆಯ ಕನ್ನಡಿಗರು ತಮ್ಮ ಎರಡು ಊರುಗಳೂ ಕೂಡಿದ ಕೆಲಸವೆಂದು ಹೆಮ್ಮೆಪಡಬಹುದು. ಭಾರತೀಯ ರೈಲ್ವೆಯ ಗಾಲಿ ಮತ್ತು ಅಚ್ಚಿನ ಕಾರ್ಖಾನೆ 1984ರಲ್ಲಿ ಬೆಂಗಳೂರಿನ ಯಲಹಂಕದಲ್ಲಿ ಉದ್ಘಾಟನೆಯಾಯಿತು. ನಾವು ಊರಿಗೆ ರೈಲಿನಲ್ಲಿ ಹೋಗುವಾಗ ನಮ್ಮ ಕೆಳಗೆ ತಿರುಗುವ ಅಚ್ಚು ಅಲ್ಲಿಯದೇ ಇರಬಹುದು.

ಹೊರಡುವ ಮುನ್ನ

ಚರಿತ್ರೆ ಓದಿ ನಾವು ಕಲಿತ ಕೆಲವು ಮಾತುಗಳನ್ನು ಹೇಳಿ ಮುಗಿಸುತ್ತೇವೆ. ಎಂಜಿನ್ ಎಳೆಯುವಾಗ ಒಂದು ಬಗೆ, ಆಕ್ಸಿಲರೇಟರ್ ಬಿಟ್ಟಾಗ ಇನ್ನೊಂದು ಬಗೆ ಸದ್ದು ಬಂದರೆ ಕ್ರೌನ್ ಪಿನಿಯನ್ನನ್ನು ಸಂಶಯಿಸಬೇಕು. ತಿರುವಿನಲ್ಲಿ ಸದ್ದು ಬದಲಾದರೆ ಗಾಲಿಯ ಬೇರಿಂಗನ್ನು. ಹಿಂದಿನ ಗಾಲಿಯ ಒಳಮೈಯಲ್ಲಿ ಎಣ್ಣೆಯ ಜಿಡ್ಡು ಕಂಡರೆ ಆಯಿಲ್ ಸೀಲು ಹೋಗಿದೆ. ಆ ಎಣ್ಣೆ ಬ್ರೇಕಿಗೂ ಹತ್ತುತ್ತದೆ. ಹೌಸಿಂಗಿನ ಮೇಲಿನ ಗಾಳಿಕಿಂಡಿ ಮಣ್ಣಿನಿಂದ ಮುಚ್ಚಿದ್ದರೂ ಒಳಗೆ ಒತ್ತಡ ಏರಿ ಸೀಲು ಸೋರುತ್ತದೆ. ಕ್ರೌನು ಪಿನಿಯನ್ನುಗಳನ್ನು ಜೋಡಿಯಾಗಿಯೇ ಉಜ್ಜಿ ಹೊಂದಿಸಿರುತ್ತಾರೆ. ಒಂದು ಸವೆದರೆ ಎರಡನ್ನೂ ಬದಲಿಸಬೇಕು. ಗುಜರಿಯಿಂದ ಇಡೀ ಆಕ್ಸಲ್ ತಂದು ಕೂರಿಸುವವರು ಹಲ್ಲುಗಳ ಲೆಕ್ಕ ಹಳೆಯದಕ್ಕೆ ಹೊಂದುತ್ತದೆಯೇ ನೋಡಬೇಕು. ಕೂರಿಸಿ ಸ್ವಲ್ಪ ದೂರ ಓಡಿಸಿದ ಮೇಲೆ ಸ್ಪ್ರಿಂಗಿನ ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಬೇಕು.

ತವಂದಿ ಘಾಟಿನ ಆ ಮುರಿದ ತುಂಡನ್ನು ನಮ್ಮ ತಂದೆಯವರು ಮನೆಗೆ ತಂದರು. ಇಂದಿಗೂ ಅದು ನಮ್ಮ ಮೇಜಿನ ಮೇಲೆ ಕಾಗದ ಹಾರದಂತೆ ಕುಳಿತಿದೆ. ಬೇಸಿಗೆ ರಜೆಗೆ ಬಾಡಿಗೆ ಗಾಡಿಯಲ್ಲಿ ಊರಿಗೆ ಹೊರಡುವ ಸಂಘದ ಬಂಧುಗಳಲ್ಲಿ ನಮ್ಮದೊಂದೇ ವಿನಂತಿ: ಹಿಂದಿನಿಂದ ಊಂ ಎಂಬ ಸದ್ದು ಬಂದಾಗ ಮನೆಯ ಹೆಂಗಸರೋ ಮಕ್ಕಳೋ ನಿಲ್ಲಿಸಿ ನೋಡಿ ಎಂದರೆ ನಗಬೇಡಿ. ಹಾಡು ನಿಲ್ಲಿಸಿ, ಗಾಡಿಯನ್ನೂ ನಿಲ್ಲಿಸಿ. ಮದುವೆಗೆ ಒಂದು ಗಂಟೆ ತಡವಾದರೂ ಚಿಂತೆಯಿಲ್ಲ.